ನೀಲಗಿರಿಯ ಸರಕು, ಹದಿನೈದು ಸೆಕೆಂಡಿನ ಸಿನಿಮಾ

ಗುಂಡ್ಲುಪೇಟೆ ಬಿಟ್ಟು ಬಂಡೀಪುರ, ಮುದುಮಲೆ ಕಾಡು ದಾಟಿ ಗೂಡಲೂರು ಪೇಟೆ ಸೇರಿದವರಿಗೆ ಮೊದಲು ಕಾಣುವುದು ಅಂಗಡಿ ಸಾಲು. ಟೀ ಪುಡಿ, ನೀಲಗಿರಿ ತೈಲ, ಕಾಳುಮೆಣಸು, ಏಲಕ್ಕಿ, ಜೇನು, ಚಾಕೊಲೇಟ್. ಊಟಿಗೆ ಹೋಗುವವರು ಇಳಿದು ಒಂದಿಷ್ಟು ಕೊಳ್ಳುತ್ತಾರೆ, ಬರುವವರು ಇನ್ನೊಂದಿಷ್ಟು. ಆದರೆ ಈಚಿನ ವರ್ಷಗಳಲ್ಲಿ ಈ ಸಾಲಿನ ಹಿಂದೆ ಇನ್ನೊಂದು ಸಾಲು ಹುಟ್ಟಿಕೊಂಡಿದೆ. ಅದಕ್ಕೆ ಬಾಗಿಲಿಲ್ಲ, ಬೋರ್ಡಿಲ್ಲ. ಮನೆಯ ಹಜಾರದಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆ, ಒಂದು ತಕ್ಕಡಿ, ಒಂದು ಮೊಬೈಲ್ ಇದ್ದರೆ ಅದೇ ಅಂಗಡಿ. ಗಿರಾಕಿ ಮೈಸೂರಿನಲ್ಲೋ ಹೈದರಾಬಾದಿನಲ್ಲೋ ಕೂತಿರುತ್ತಾನೆ. ಅವನು ಸಾಮಾನನ್ನು ಮುಟ್ಟಿ ನೋಡುವ ಹಾಗಿಲ್ಲ, ಮೂಸುವ ಹಾಗಿಲ್ಲ. ಅವನಿಗೆ ಸಿಗುವುದು ಒಂದು ಚಿತ್ರ ಮಾತ್ರ. ಆ ಚಿತ್ರ ಈಗ ನಿಂತಿದ್ದರೆ ಸಾಲದು, ಓಡಬೇಕು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಅನ್ನು ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಆರಂಭಿಸಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊದಲು ಪರೀಕ್ಷೆಗೆ ಇಳಿಸಿದ್ದೂ ಭಾರತದಲ್ಲೇ. ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋಗುವ ಜನರಿಗೆ ಅಲುಗಾಡದ ಫೋಟೋ ಕಣ್ಣಿಗೇ ಬೀಳದಂತಾಯಿತು. ಹೀಗಾಗಿ ಸಣ್ಣಪುಟ್ಟ ಆನ್‌ಲೈನ್ ವ್ಯಾಪಾರಿಗಳು ತಮ್ಮಲ್ಲಿರುವ ಐದಾರು ಫೋಟೋಗಳನ್ನು ಕಳಿಸಿ, ‘ಇದನ್ನು ವಿಡಿಯೋ ಮಾಡಿಕೊಡಿ’ ಎಂದು ಕೇಳತೊಡಗಿದರು. ಹಾಗೆ ಮಾಡಿಕೊಡುವುದೇ ಒಂದು ಕಸುಬಾಯಿತು.

ನನ್ನ ತಂಗಿಯ ಮಗಳು ಗೂಡಲೂರಿನಲ್ಲಿ ಈ ಕಸುಬು ಮಾಡುತ್ತಾಳೆ. ಬಿ.ಕಾಂ. ಓದಿದವಳು, ಮನೆಯಲ್ಲಿ ಕೂತು ದುಡಿಯುತ್ತಾಳೆ. ನನ್ನ ಪಾಲಿಗೆ ಬಂದಿರುವುದು ಮಾತು ಬರೆಯುವ ಕೆಲಸ. ನಮ್ಮ ಮನೆಮಾತು ತೆಲುಗು, ನಾನು ಓದಿದ್ದು ಕನ್ನಡ. ಓದು ಎಸ್ಸೆಸ್ಸೆಲ್ಸಿಗೆ ನಿಂತರೂ ಎರಡೂ ಭಾಷೆಯಲ್ಲಿ ಪದ್ಯ ಬರೆಯುವ ಚಟ ನಿಲ್ಲಲಿಲ್ಲ. ಅರಿಶಿನದ ಹೊಲಕ್ಕೆ ನೀರು ಬಿಟ್ಟು ಬದುವಿನ ಮೇಲೆ ಕೂತಿರುವಾಗ ಫೋನ್ ಬರುತ್ತದೆ. “ಮಾಮಯ್ಯಾ, ಮೆಣಸಿಗೆ ಎರಡು ಸಾಲು. ಕನ್ನಡದಲ್ಲೂ ಬೇಕು, ತೆಲುಗಲ್ಲೂ ಬೇಕು. ಹದಿನೈದು ಸೆಕೆಂಡು ಮೀರಬಾರದು.” ಇಷ್ಟೇ ಅಪ್ಪಣೆ.

ಕೆಲಸದ ಬಗೆಯನ್ನು ಸ್ವಲ್ಪ ಹೇಳಬೇಕು. ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವುದರಿಂದ ಚಿತ್ರದ ಅಗಲ 9 ಪಾಲಾದರೆ ಎತ್ತರ 16 ಪಾಲು ಇರಬೇಕು. ವ್ಯಾಪಾರಿ ಕಳಿಸುವ ಫೋಟೋ ಸಾಮಾನ್ಯವಾಗಿ ಚೌಕ. ಅದನ್ನು ಕತ್ತರಿಸಿ ಕೂರಿಸಬೇಕು. ಮೊದಲ ಎರಡು ಮೂರು ಸೆಕೆಂಡಿನಲ್ಲೇ ಸಾಮಾನು ಯಾವುದೆಂದು ತಿಳಿಯಬೇಕು, ಇಲ್ಲದಿದ್ದರೆ ನೋಡುವವನು ಮುಂದಕ್ಕೆ ತಳ್ಳಿಬಿಡುತ್ತಾನೆ. ಆಮೇಲೆ ಒಂದು ಫೋಟೋದ ಮೇಲೆ ನಿಧಾನಕ್ಕೆ ಹತ್ತಿರ ಹೋಗುವುದು, ಇನ್ನೊಂದರ ಮೇಲೆ ಎಡದಿಂದ ಬಲಕ್ಕೆ ಸರಿಯುವುದು, ಮೂರನೆಯದರಲ್ಲಿ ಬೆಲೆ, ತೂಕ. ಮೇಲೆ ಅಕ್ಷರ, ಹಿಂದೆ ದನಿ. ಫೋಟೋ ನಿಂತೇ ಇರುತ್ತದೆ, ನೋಡುವ ಕಣ್ಣು ಮಾತ್ರ ಅದರ ಮೇಲೆ ಓಡಾಡಿದಂತೆ ಕಾಣುತ್ತದೆ. ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆಯಲ್ಲಿ ಚಿತ್ರ ಎಳೆದು ಎಳೆದು ತೋರಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಉಪಾಯ.

ಇಲ್ಲಿಗೆ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಒಂದು ನಿಜ, ಉಳಿದದ್ದು ಊಹೆ

ಈಗ ಒಂದೇ ಒಂದು ಫೋಟೋ ಕೊಟ್ಟರೆ ಸಾಕು, ಕೃತಕ ಬುದ್ಧಿಮತ್ತೆಯ ಯಂತ್ರ ಅದನ್ನು ತಾನೇ ಓಡಿಸುತ್ತದೆ. ಲೋಟದ ಚಹಾದಿಂದ ಹೊಗೆ ಏಳುತ್ತದೆ. ಬಾಟಲಿಯ ಜೇನು ಎಳೆಎಳೆಯಾಗಿ ಸುರಿಯುತ್ತದೆ. ಮಡಚಿಟ್ಟ ಶಾಲನ್ನು ಎಲ್ಲಿಂದಲೋ ಬಂದ ಹುಡುಗಿ ಹೊದ್ದು ತಿರುಗುತ್ತಾಳೆ. 2025ರಲ್ಲಿ ಗೂಗಲ್ ತನ್ನ ಜೆಮಿನಿಯೊಳಗೇ ಫೋಟೋದಿಂದ ವಿಡಿಯೋ ಮಾಡುವ ಸೌಲಭ್ಯ ಇಟ್ಟ ಮೇಲೆ ಇದು ಮನೆಮನೆಯ ಆಟವಾಯಿತು. ಅದು ಕೊಡುವ ತುಣುಕು 8 ಸೆಕೆಂಡಿನದು. ಸೆಕೆಂಡಿಗೆ 24 ಚಿತ್ರದ ಲೆಕ್ಕ ಹಿಡಿದರೆ 192 ಚಿತ್ರ. ಅದರಲ್ಲಿ ನಾವು ಕೊಟ್ಟದ್ದು ಒಂದು. ಉಳಿದ 191 ಯಂತ್ರದ ಊಹೆ.

ಇಲ್ಲಿ ನನಗೆ ನೆನಪಾಗುವುದು ದಾದಾಸಾಹೇಬ್ ಫಾಲ್ಕೆಯವರ ಬಟಾಣಿ ಕಾಳು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬರುವ ಮುಂಚೆ ಹಣ ಹೂಡುವವರನ್ನು ನಂಬಿಸಲು ಅವರು ಕುಂಡದಲ್ಲಿ ಕಾಳು ಹಾಕಿ, ಅದು ಮೊಳೆತು ಬೆಳೆಯುವುದನ್ನು ದಿನ ದಿನವೂ ಚಿತ್ರ ತೆಗೆದು ಜೋಡಿಸಿ ತೋರಿಸಿದರು. ತೆರೆಯ ಮೇಲೆ ಗಿಡ ಸರಸರನೆ ಬೆಳೆಯಿತು. ಬೇಸಾಯಗಾರನಾದ ನನಗೆ ಆ ಸಂಗತಿ ಬಹಳ ಇಷ್ಟ. ಅಲ್ಲಿಯೂ ಓಟ ನಮ್ಮ ಕಣ್ಣಿನ ಭ್ರಮೆಯೇ. ಆದರೆ ಒಂದೊಂದು ಚಿತ್ರದ ಹಿಂದೆಯೂ ಒಂದೊಂದು ದಿನ ಇತ್ತು, ನೀರು ಕುಡಿದ ಗಿಡ ಇತ್ತು. ಯಂತ್ರದ 191 ಚಿತ್ರಗಳ ಹಿಂದೆ ಏನಿದೆ?

ಊಟಿಯವರಿಗೆ ಈ ಮಾತು ಹೊಸದಲ್ಲ. ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಇದ್ದ ಊರು ಅದು. 1960ರಲ್ಲಿ ಸ್ಥಾಪನೆಯಾದ ಆ ಸಾರ್ವಜನಿಕ ಉದ್ದಿಮೆ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮ್, ಫೋಟೋ ಕಾಗದ, ಎಕ್ಸ್‌ರೇ ಫಿಲ್ಮ್ ಮಾಡುತ್ತಿತ್ತು. ಮದುವೆ ಮನೆಯ ಗುಂಪು ಫೋಟೋ, ಆಸ್ಪತ್ರೆಯ ಎದೆಗೂಡಿನ ಚಿತ್ರ ಎರಡಕ್ಕೂ ಈ ಬೆಟ್ಟದ ಮೇಲೆ ತಯಾರಾದ ಹಾಳೆ ಬಳಕೆಯಾಗಿದೆ. ಕಾಲ ಬದಲಾಯಿತು, ಕಾರ್ಖಾನೆ ಮುಚ್ಚಿತು, ಇಂದುನಗರ ಎಂಬ ಹೆಸರು ಉಳಿಯಿತು. ಆ ಫಿಲ್ಮ್ ಎದುರಿಗೆ ಇದ್ದದ್ದನ್ನು ಮಾತ್ರ ಹಿಡಿಯುತ್ತಿತ್ತು. ಎದೆಯಲ್ಲಿ ಮಚ್ಚೆ ಇದ್ದರೆ ಮಚ್ಚೆ ಬರುತ್ತಿತ್ತು.

ಶಾಲಿನ ಲೆಕ್ಕ

ತೋಡರ ಕಸೂತಿಯ ಶಾಲನ್ನು ಓದುಗರಲ್ಲಿ ಹಲವರು ನೋಡಿರಬಹುದು. ಬಿಳಿಯ ದಪ್ಪ ಹತ್ತಿ ಬಟ್ಟೆ, ಅದರ ಮೇಲೆ ಕೆಂಪು, ಕಪ್ಪು ನೂಲು. ತೋಡ ಹೆಂಗಸರು ಇದನ್ನು ಬಟ್ಟೆಯ ಮೇಲೆ ಗೆರೆ ಎಳೆದುಕೊಂಡು ಹಾಕುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ತೂರಿಸುತ್ತಾರೆ. ಇಷ್ಟು ಎಳೆ ಬಿಟ್ಟು ಇಷ್ಟು ಎತ್ತಬೇಕೆಂಬ ಲೆಕ್ಕ ತಲೆಯಲ್ಲೇ ಇರುತ್ತದೆ. ಎರಡೂ ಮಗ್ಗುಲನ್ನು ಹೊರಗೆ ಮಾಡಿ ಹೊದೆಯಬಹುದು. ಅವರು ಹೊದೆಯುವ ಪೂತ್ಕುಳಿ ಈ ಬಗೆಯದು. ಒಂದು ಶಾಲು ಮುಗಿಯಲು ವಾರಗಟ್ಟಲೆ ಬೇಕು. 2013ರಲ್ಲಿ ಈ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಎಂದರೆ ಬೇರೆಯವರು ಬೇರೆಲ್ಲೋ ಮಾಡಿದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ ಎಂದು ಕಾನೂನು ಹೇಳುತ್ತದೆ.

ಊಟಿಯ ಒಬ್ಬ ವ್ಯಾಪಾರಿ ಅಂಥ ಶಾಲಿನ ಒಂದು ಫೋಟೋ ಕಳಿಸಿದ. ‘ಹುಡುಗಿ ಹೊದ್ದು ನಡೆಯುವ ಹಾಗೆ ಮಾಡಿ’ ಎಂದ. ನಮ್ಮ ಕೂಸು ಯಂತ್ರಕ್ಕೆ ಕೊಟ್ಟಳು. ನಿಮಿಷದಲ್ಲಿ ಬಂತು. ಮಂಜು ಕವಿದ ಬೆಟ್ಟ, ಹುಡುಗಿ, ಗಾಳಿಗೆ ಹಾರುವ ಶಾಲು. ನೋಡಿದರೆ ಸಿನಿಮಾ ಹಾಡು ಸೋಲಬೇಕು. ಅವಳು ನಿಲ್ಲಿಸಿ ನಿಲ್ಲಿಸಿ ನೋಡಿದಳು. ಫೋಟೋದಲ್ಲಿ ಒಂದು ಪಟ್ಟಿಯಲ್ಲಿ ಏಳು ಮೂಲೆಗಟ್ಟು ಇದ್ದವು. ಎರಡನೇ ಸೆಕೆಂಡಿಗೆ ಅವು ಒಂಬತ್ತಾದವು. ಹುಡುಗಿ ತಿರುಗಿದಾಗ ಸೆರಗಿನ ಹತ್ತಿರ ಒಂದು ಬಳ್ಳಿ ಹೂವು ಮೂಡಿತ್ತು, ಕಾಶ್ಮೀರದ ಶಾಲಿನಲ್ಲಿ ಇರುತ್ತದಲ್ಲ, ಅಂಥದು. ಯಂತ್ರ ಲೋಕದ ಶಾಲುಗಳನ್ನೆಲ್ಲ ನೋಡಿ ಕಲಿತದ್ದು. ಅದಕ್ಕೆ ಶಾಲು ಎಂದರೆ ಗೊತ್ತು, ತೋಡರ ಎಣಿಕೆ ಗೊತ್ತಿಲ್ಲ. ಗೊತ್ತಿಲ್ಲದ ಜಾಗವನ್ನು ಬಲ್ಲದ್ದರಿಂದ ತುಂಬುತ್ತದೆ.

ವ್ಯಾಪಾರಿಗೆ ಹೇಳಿದರೆ, “ಯಾರಮ್ಮಾ ಎಣಿಸ್ತಾರೆ?” ಎಂದು ನಕ್ಕ.

ಎಣಿಸುವವರು ಇದ್ದಾರೆ. ಊಟಿಗೆ ಹೋದಾಗ ಅವಳು ಅದನ್ನು ಕಸೂತಿ ಹಾಕುವ ಒಬ್ಬ ತೋಡ ಹೆಂಗಸಿಗೆ ತೋರಿಸಿದಳು. ಆಕೆ ಮೊಬೈಲ್ ಗಾಜಿನ ಮೇಲೆ ಬೆರಳಿಟ್ಟು ಎಣಿಸಿದರು. ಓಡುವ ಚಿತ್ರ, ಎಣಿಕೆ ನಿಲ್ಲಲಿಲ್ಲ. ಮತ್ತೆ ಎಣಿಸಿದರು. ಆಮೇಲೆ ತಮಿಳಿನಲ್ಲಿ ಹೇಳಿದ್ದು ಒಂದೇ ಮಾತು: ಇದು ನಮ್ಮ ಕೈಯದ್ದಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ ಪೇಟೆಯ ಸ್ಥಿತಿ ಗೊತ್ತಿರಬೇಕು. ಇದೇ ವಿನ್ಯಾಸವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಅಗ್ಗಕ್ಕೆ ಮಾರುವುದನ್ನು ನಾನೇ ಕಂಡಿದ್ದೇನೆ. ನಿಜದ ಶಾಲನ್ನು ನಕಲಿಯಿಂದ ಬೇರ್ಪಡಿಸುವುದು ಆ ಎಣಿಕೆ, ಆ ಹಿಂಬದಿಯ ಹೊಲಿಗೆ. ನಿಜದ ಶಾಲಿಗೂ ತಪ್ಪು ಎಣಿಕೆಯ ವಿಡಿಯೋ ಹಾಕಿದರೆ ಗಿರಾಕಿಯ ಕಣ್ಣಿಗೆ ಅಸಲಿ ಯಾವುದು, ನಕಲಿ ಯಾವುದು? ನಾಳೆ ಇನ್ನೊಂದು ಯಂತ್ರ ಇದೇ ವಿಡಿಯೋ ನೋಡಿ ಕಲಿತರೆ ಒಂಬತ್ತೇ ಸರಿ ಎಂದುಕೊಳ್ಳುತ್ತದೆ. ತಲೆಯಲ್ಲಿ ಮಾತ್ರ ಇರುವ ವಿದ್ಯೆಗೆ ಇದಕ್ಕಿಂತ ಕೇಡು ಬೇಕೆ?

ಅವಳು ಆ ವಿಡಿಯೋ ಕೊಡಲಿಲ್ಲ. ಬದಲಿಗೆ ಆರು ಫೋಟೋ ತೆಗೆದಳು. ಮುಂಭಾಗ, ಹಿಂಭಾಗ, ಒಂದು ಪಟ್ಟಿ ಹತ್ತಿರದಿಂದ, ಸೂಜಿ ಹಿಡಿದ ಕೈ, ಅರ್ಧ ಮುಗಿದ ತುಂಡು, ಮಡಿಕೆ. ಅವುಗಳ ಮೇಲೆ ನಿಧಾನಕ್ಕೆ ಸರಿಯುವ ಹಳೆಯ ಉಪಾಯದಲ್ಲೇ 15 ಸೆಕೆಂಡು ಮಾಡಿದಳು. ವ್ಯಾಪಾರಿಗೆ ಸಪ್ಪೆ ಎನಿಸಿತು. ಹಣ ಕೊಟ್ಟ, ಆದರೆ ತಿಂಗಳು ತಿಂಗಳು ಬರುತ್ತಿದ್ದ ಅವನ ಕೆಲಸ ಬೇರೆಯವರಿಗೆ ಹೋಯಿತು. ಒಂದು ವಿಡಿಯೋಕ್ಕೆ ನೂರು, ಇನ್ನೂರು ಎಣಿಸಿಕೊಳ್ಳುವ ಮನೆಗೆ ಅದು ಸಣ್ಣ ಏಟಲ್ಲ. ನನ್ನ ತಂಗಿ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. ‘ಊರಿಗೆಲ್ಲ ಇಲ್ಲದ ನ್ಯಾಯ ನಿಮಗ್ಯಾಕೆ’ ಎಂಬುದು ಅವಳ ವಾದ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಆದರೆ ಕಾನೂನೂ ಒಂದು ಮಾತು ಹೇಳಿದೆ. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನ ಜಾಹೀರಾತು ಸಾಮಾನಿನ ನಿಜ ಗುಣಕ್ಕೆ ಹೊಂದಬೇಕು. ಜಾಹೀರಾತಿನಲ್ಲಿ ತೋರಿಸಿದಂತೆ ಸಾಮಾನು ಇಲ್ಲದಿದ್ದರೆ ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡು ನಿಯಮದಲ್ಲಿ, ಯಂತ್ರ ಸೃಷ್ಟಿಸಿದ ಚಿತ್ರಕ್ಕೆ ಹಾಗೆಂದು ಗುರುತು ಹಾಕಬೇಕು ಎಂಬ ವಿಚಾರ ಬಂತು. ಕಾನೂನು ಬಿಡಿ, ವಾಪಸು ಬರುವ ಪಾರ್ಸಲ್ಲಿನ ಖರ್ಚು ಸಣ್ಣ ವ್ಯಾಪಾರಿಯನ್ನು ಮುಳುಗಿಸಲು ಸಾಕು. ಹೋಗುವ ಬಾಡಿಗೆ ಒಂದು, ಬರುವ ಬಾಡಿಗೆ ಇನ್ನೊಂದು. ಊಟಿ ಚಾಕೊಲೇಟ್ ಏಪ್ರಿಲ್ ತಿಂಗಳಲ್ಲಿ ಘಟ್ಟ ಇಳಿಯುವಷ್ಟರಲ್ಲಿ ಪಾಯಸವಾಗಿರುತ್ತದೆ. ವಿಡಿಯೋದಲ್ಲಿ ಅದು ಧಾರೆಧಾರೆಯಾಗಿ ಹರಿಯುವುದನ್ನು ತೋರಿಸಿದವರಿಗೆ ಒಂದು ರೀತಿಯಲ್ಲಿ ಸುಳ್ಳು ಹೇಳಿದ ದೋಷವಿಲ್ಲವೆನ್ನಿ.

ಟೀ ಸೊಪ್ಪಿನ ಕತೆಯೂ ಇದೇ. ಯಂತ್ರವನ್ನು ಚಹಾ ತೋಟ ತೋರಿಸು ಎಂದರೆ ಬೆರಳ ತುದಿಯಲ್ಲಿ ಎರಡೆಲೆ ಒಂದು ಕುಡಿ ಚಿವುಟುವ ನಗುಮುಖದ ಹೆಂಗಸು ಬರುತ್ತಾಳೆ. ನೀಲಗಿರಿಯ ಸಣ್ಣ ಬೆಳೆಗಾರರ ತೋಟಗಳಲ್ಲಿ ಸೊಪ್ಪು ಕತ್ತರಿಸುವುದು ಹೆಚ್ಚಾಗಿ ಚೀಲ ಕಟ್ಟಿದ ಕತ್ತರಿಯಿಂದ. ಆಳು ಸಿಗುವುದಿಲ್ಲ, ಸೊಪ್ಪಿನ ಬೆಲೆ ಆಳಿನ ಕೂಲಿಗೆ ಸಾಲುವುದಿಲ್ಲ. ಆ ಕತ್ತರಿಯ ಕಟಕಟ ಸದ್ದು ಯಾವ ವಿಡಿಯೋದಲ್ಲೂ ಇಲ್ಲ. ಕತ್ತರಿಯ ಸೊಪ್ಪನ್ನು ಕತ್ತರಿಯದೆಂದೇ ತೋರಿಸಿದರೆ ಕುಡಿಯುವವರು ಕುಡಿಯುವುದಿಲ್ಲವೇ? ಕೈಯಲ್ಲಿ ಚಿವುಟಿಸುವವರು ಇದ್ದಾರೆ, ಅವರು ಅದಕ್ಕೆ ತಕ್ಕ ಬೆಲೆ ಇಡುತ್ತಾರೆ. ಎಲ್ಲರ ಪೊಟ್ಟಣದ ಮೇಲೂ ಅದೇ ಹೆಂಗಸು ನಕ್ಕರೆ ನಿಜವಾಗಿ ಚಿವುಟಿಸಿದವನಿಗೆ ನಷ್ಟ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ಮಾತನ್ನೂ ಯಂತ್ರವೇ ಬರೆದುಕೊಡುತ್ತದೆ. ಒಂದು ಮೆಣಸಿನ ವಿಡಿಯೋಕ್ಕೆ ಅದು ಇಂಗ್ಲಿಷಿನಿಂದ ತಂದುಕೊಟ್ಟದ್ದು ‘ಕೈಯಿಂದ ಆರಿಸಲಾದ ಮೆಣಸು’. ನಮ್ಮ ಕಡೆ ಆರಿಸುವುದು ಅಕ್ಕಿಯಲ್ಲಿನ ಕಲ್ಲನ್ನು. ಮೆಣಸನ್ನು ಕೊಯ್ಯುತ್ತಾರೆ. ನಾನು ಬರೆದದ್ದು ಹೀಗೆ: “ಗೂಡಲೂರಿನ ಮೆಣಸು. ಬಳ್ಳಿಯಲ್ಲೇ ಬಲಿತದ್ದು, ಬಿಸಿಲಲ್ಲೇ ಒಣಗಿದ್ದು.” ಇದನ್ನೇ ಪದಕ್ಕೆ ಪದ ತೆಲುಗಿಗೆ ಹಾಕಿದರೆ ಬಕಾರದ ಓಟ ಕೆಟ್ಟುಹೋಗುತ್ತದೆ. ತೆಲುಗಿಗೆ ಅದರದೇ ದಾರಿ ಇದೆ. ಅಲ್ಲಿ ಬಿಸಿಲಿಗೆ ‘ಎಂಡ’, ಒಣಗುವುದಕ್ಕೆ ‘ಎಂಡು’. ಆದ್ದರಿಂದ, “ಗೂಡಲೂರು ಮಿರಿಯಾಲು. ತೀಗ ಮೀದೇ ಪಂಡಿ, ಎಂಡಲೋನೇ ಎಂಡಿನವಿ.” ತಿರುಪತಿಯ ಮನೆಯೊಡತಿ ಕೇಳಿದರೆ ತನ್ನೂರಿನವರೇ ಮಾತಾಡಿದ ಹಾಗಿರಬೇಕು. ಗೂಡಲೂರಿನ ಒಂದು ಬೀದಿಯಲ್ಲಿ ತಮಿಳು, ಮಲಯಾಳ, ಕನ್ನಡ, ಬಡಗ ಮಾತು ಒಟ್ಟಿಗೇ ಕೇಳುತ್ತದೆ. ಅಲ್ಲಿ ಬೆಳೆದ ಕೂಸಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ದನಿಯನ್ನೂ ನಾವೇ ಕೊಡುತ್ತೇವೆ. ಯಂತ್ರದ ಕನ್ನಡ ದನಿ ಶುದ್ಧವಾಗಿದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದು ಮಾತ್ರ ಅದಕ್ಕೆ ತಿಳಿಯದು. ತೆಲುಗಿಗೆ ನನ್ನ ದನಿ, ಕನ್ನಡಕ್ಕೆ ಅವಳದು. ಹೊಲದಲ್ಲಿ ಕೂತು ಫೋನಿಗೆ ಹೇಳಿ ಕಳಿಸುತ್ತೇನೆ. ಒಮ್ಮೆ ನವಿಲು ಕೂಗಿದ್ದು ಸೇರಿಕೊಂಡಿತು. ಅದನ್ನು ಹಾಗೇ ಬಿಟ್ಟೆವು.

ಚಳಿಗೆ ಕಟ್ಟಿದ ಜೇನು

ಅವಳು ಈಗ ಒಂದು ಕಟ್ಟು ಮಾಡಿಕೊಂಡಿದ್ದಾಳೆ. ಹಿನ್ನೆಲೆಯ ಮಂಜು, ಮರದ ನೆರಳು ಬೇಕಾದರೆ ಯಂತ್ರ ಅಲುಗಾಡಿಸಲಿ. ಮಾರುವ ಸಾಮಾನಿನ ಬಣ್ಣ, ಅಳತೆ, ಎಣಿಕೆ, ಮಾಡಿದವರ ಕೈ, ಇವುಗಳಿಗೆ ಯಂತ್ರ ಕೈ ಹಾಕಬಾರದು. ಕೆಲಸ ತರುವವರಿಗೆ ಮೊದಲೇ ಹೇಳುತ್ತಾಳೆ. ಒಪ್ಪಿದವರದು ಮಾಡುತ್ತಾಳೆ. ಅವಳು ಕೇಳುವ ಫೋಟೋದ ಪಟ್ಟಿಯೂ ದೊಡ್ಡದಲ್ಲ. ಹಳದಿ ಬಲ್ಬಿನ ಕೆಳಗೆ ತೆಗೆಯಬೇಡಿ, ಕೆಂಪು ನೂಲು ಕಂದಾಗುತ್ತದೆ. ಬಾಗಿಲ ಬಳಿ, ಮೋಡದ ಬೆಳಕಿನಲ್ಲಿ ತೆಗೆಯಿರಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡಿ, ಬಣ್ಣ ಸರಿ ಮಾಡಿಕೊಳ್ಳಲು ಆಧಾರ ಸಿಗುತ್ತದೆ. ಹಿಂಬದಿಯನ್ನೂ ತೆಗೆಯಿರಿ.

ಮಸಿನಗುಡಿ ಕಡೆಯ ಒಬ್ಬರು ತುಡುವೆ ಜೇನು ಮಾರುತ್ತಾರೆ. ಕಳೆದ ಚಳಿಗಾಲದಲ್ಲಿ ಅವರ ಬಾಟಲಿಗಳಲ್ಲಿ ಜೇನು ಹರಳುಗಟ್ಟಿ ಬೆಲ್ಲದ ಪಾಕದ ಹಾಗೆ ಕೂತಿತ್ತು. ಚಳಿಗೆ ಜೇನಿನ ಸಕ್ಕರೆಯ ಅಂಶ ಹರಳಾಗುವುದು ಸಹಜ, ಅದರಿಂದ ಜೇನು ಕೆಟ್ಟಿತೆಂದಲ್ಲ. ಆದರೆ ಪೇಟೆಯ ಗಿರಾಕಿ ಅದನ್ನು ಕಂಡರೆ ಸಕ್ಕರೆ ಬೆರೆಸಿದ್ದಾರೆ ಎನ್ನುತ್ತಾನೆ. ಅವರು ಹೆದರಿಕೊಂಡು, ಯಂತ್ರದಲ್ಲಿ ಜೇನು ಸುರಿಯುವ ಹಾಗೆ ಮಾಡಿಸಿ ಎಂದರು. ಸುರಿಯುವ ಜೇನು ನೋಡಿ ಕೊಂಡವನ ಕೈಗೆ ಗಟ್ಟಿ ಜೇನು ಬಂದರೆ ಏನಾಗುತ್ತದೆ ಎಂದು ಅವಳು ಕೇಳಿದಳು. ಅವರು ಸುಮ್ಮನಾದರು.

ಕೊನೆಗೆ ಮೂರು ಫೋಟೋ. ಹರಳುಗಟ್ಟಿದ ಬಾಟಲಿ, ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದ ಬಾಟಲಿ, ಕರಗಿದ ಬಾಟಲಿ. ನಡುವೆ ಸಮಯ ಕಳೆದದ್ದು ತಿಳಿಯಲು ಗಡಿಯಾರ ಇಟ್ಟಿದ್ದಳು. ನನ್ನ ಸಾಲು ಇಷ್ಟೇ: “ಚಳಿಗೆ ಕಟ್ಟಿದೆ. ಉಗುರುಬೆಚ್ಚಗಿನ ನೀರಲ್ಲಿಡಿ, ಕರಗುತ್ತದೆ.” ತೆಲುಗಿಗೆ, “ಚಲಿಕಿ ಪೇರುಕುಂದಿ. ಗೋರುವೆಚ್ಚನಿ ನೀಳ್ಳಲೋ ಪೆಟ್ಟಂಡಿ, ಕರುಗುತುಂದಿ.” ವಿಡಿಯೋ ಹಾಕಿದ ಮೇಲೆ ಅವರಿಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ: ಕಟ್ಟಿದ್ದನ್ನು ಹಾಗೇ ಚಪಾತಿಗೆ ಹಚ್ಚಿ ತಿನ್ನಬಹುದೇ? ತಿನ್ನಬಹುದು ಎಂದು ಬರೆದರು. ಆ ಸಲದ ಬಾಟಲಿಗಳು ಖಾಲಿಯಾದವು. ಸಿಗ್ನಲ್ ಸಿಕ್ಕಾಗ ಅವರು ಫೋನ್ ಮಾಡಿ ಇನ್ನೊಂದು ವಿಡಿಯೋಕ್ಕೆ ಹೇಳಿದ್ದಾರೆ.

ಈ ವಾರ ಬೆಟ್ಟದ ಬೆಳ್ಳುಳ್ಳಿಯವರು ಒಬ್ಬರು ಬಂದಿದ್ದಾರೆ. ಗಡ್ಡೆ ಯಂತ್ರದಲ್ಲಿ ಮುಷ್ಟಿಯಷ್ಟು ಕಾಣುತ್ತದಂತೆ, ಅವರಿಗೆ ಅದೇ ಆಸೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು ಕಳಿಸಿ ಎಂದು ಹೇಳಿದ್ದೇವೆ.